ರೊಟ್ಟಿ ಉಬ್ಬಿದರೆ ಒಲೆ ಮುಗಿದಂತೆ

ನಾನು ನೌಕರಿಯಲ್ಲಿ ಬಹುಕಾಲ ಮಾಡಿದ್ದು ಹೊಗೆಯಿಲ್ಲದ ಒಲೆ ಕಟ್ಟುವುದನ್ನು ಬೇರೆಯವರಿಗೆ ಕಲಿಸುವ ಕೆಲಸ. ಕೆಲಸಕ್ಕೆ ಸೇರಿದ ಎಷ್ಟೋ ವರ್ಷಗಳವರೆಗೆ ನಾನು ಒಂದು ಲೋಟ ಚಹಾ ಕೂಡ ಕಾಸಿದವನಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಬರೆಯುವುದು ಸಲೀಸು.

ಈಗ ಇದನ್ನು ಬರೆಯಲು ಕಾರಣ ನಮ್ಮ ಕಡೆಯ ಕಾಲೇಜಿನ ಒಬ್ಬ ಯುವ ಅಧ್ಯಾಪಕಿ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ತಂಡದಲ್ಲಿ ಕೆಲಸ ಮಾಡುವುದು ಹೇಗೆ ಎಂದು ಕಲಿಸುತ್ತಾರಂತೆ. ಒಂದು ದಿನ ನನ್ನನ್ನೂ ಕೂರಿಸಿಕೊಂಡರು. ಗೋಡೆಗೆ ಬಣ್ಣದ ಚೀಟಿ ಅಂಟಿಸಿದ್ದರು. ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ಮೀಟಿಂಗ್ ಮಾಡುತ್ತಾರೆ ಎಂದರು. ಸ್ವಲ್ಪ ಮಾಡಿ, ಬಳಸುವವರಿಗೆ ತೋರಿಸಿ, ತಿದ್ದಿಕೊಂಡು ಮುಂದಕ್ಕೆ ಹೋಗುವುದಕ್ಕೆ ಅಜೈಲ್ ಎನ್ನುತ್ತಾರೆ ಎಂದೂ ಹೇಳಿದರು. ನಾನು ನಕ್ಕುಬಿಟ್ಟೆ. ಮೇಡಂಗೆ ಬೇಸರವಾಯಿತೋ ಏನೋ. ನಕ್ಕಿದ್ದು ಅವರನ್ನು ನೋಡಿ ಅಲ್ಲ. ತೊಂಬತ್ತರ ದಶಕದಲ್ಲಿ, ಸೊರಬ ತಾಲ್ಲೂಕಿನ ಜಡೆ ಎಂಬ ಊರಿನ ಹತ್ತಿರದ ಒಂದು ಹಳ್ಳಿಯಲ್ಲಿ ನಾವು ಆರೇಳು ಜನ ಬೆಳಿಗ್ಗೆ ಬೆಳಿಗ್ಗೆ ಒಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೊಕ್ಕರೆಗಳ ಹಾಗೆ ಒತ್ತೊತ್ತಾಗಿ ನಿಂತಿರುತ್ತಿದ್ದದ್ದು ನೆನಪಾಯಿತು. ಆ ನಿಲ್ಲುವಿಕೆಗೆ ಒಂದು ಹೆಸರು ಇದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ನನಗೆ ಬಡ್ತಿ ಎರಡು ಸಿಕ್ಕವು. ಕುರ್ಚಿಗೆ ಕೈ ಬಂತು, ಆಮೇಲೆ ಗಾಲಿ ಬಂತು, ಅಷ್ಟೇ. ಹೇಳಬೇಕಾದದ್ದು ನಾನು ಮಾಡಿದ ಎಡವಟ್ಟಿನ ಬಗ್ಗೆ.

ಮೊದಲ ತಂಡವನ್ನು ನಾನು ತರಬೇತಿಗೆ ಕರೆದುಕೊಂಡು ಹೋದದ್ದು ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿಗೆ. ಮೇಲಿನಿಂದ ಬಂದ ನಕ್ಷೆ ಇತ್ತು, ಕಬ್ಬಿಣದ ಅಚ್ಚು ಇತ್ತು. ಅಚ್ಚಿಟ್ಟು ಮಣ್ಣು ಮೆತ್ತಿ, ಪಾತ್ರೆ ಇಡಲು ಮೂರು ಕುಳಿ ಬಿಟ್ಟು, ಹಿಂದೆ ಹೊಗೆ ಕೊಳವೆ ನಿಲ್ಲಿಸಿದರೆ ಒಲೆ ತಯಾರು. ನಾನು ಮಿಲಿಟರಿಯವನ ಹಾಗೆ ಕೆಲಸ ಹಂಚಿದೆ. ಇಬ್ಬರು ಮಣ್ಣು ಕಲಸುವವರು, ಇಬ್ಬರು ಅಚ್ಚಿನವರು, ಇಬ್ಬರು ಕೊಳವೆಯವರು. ಮೂರು ವಾರ ತುಂಬುವುದರೊಳಗೆ ಮೂವತ್ತೆರಡು ಒಲೆ. ನಮ್ಮ ಸಾಹೇಬರಿಗೆ ಹಿಗ್ಗೋ ಹಿಗ್ಗು. ಅವರಿಗೆ ಆಫೀಸಿನ ಗೋಡೆಯ ಮೇಲಿನ ಚಾರ್ಟಿನಲ್ಲಿ ಕೆಂಪು ಸ್ಕೆಚ್ ಪೆನ್ನಿನಿಂದ ಕಂಬ ಎಳೆಯುವುದೆಂದರೆ ಪ್ರಾಣ. ಆ ತಿಂಗಳ ಕಂಬ ಚಾರ್ಟನ್ನು ದಾಟಿ ಗೋಡೆಯ ಸುಣ್ಣದ ಮೇಲೂ ಎರಡು ಬೆರಳು ಏರಿತ್ತು. ನನಗೆ ಪ್ರಶಂಸಾ ಪತ್ರ ಬಂತು. ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಮನೆಯ ನಡುಮನೆಯಲ್ಲಿ ತೂಗುಹಾಕಿದೆ.

ಒಂದೂವರೆ ತಿಂಗಳ ಮೇಲೆ ಅದೇ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಹೇಗೂ ನಾವು ಒಲೆ ಕಟ್ಟಿದ ಊರು, ಯಾರ ಮನೆಗಾದರೂ ಹೋದರೆ ಚಹಾ ಸಿಗುತ್ತದೆ ಎಂದು ಜಂಬದಿಂದ ನಡೆದೆ. ಮೊದಲ ಮನೆಯಲ್ಲಿ ನನ್ನ ಒಲೆಯ ಎರಡನೇ ಕುಳಿಯಲ್ಲಿ ಕೋಳಿ ಕಾವಿಗೆ ಕೂತಿತ್ತು. ನನ್ನನ್ನು ನೋಡಿ ಅದು ಗುರ್ ಎಂದಿತು. ಪಕ್ಕದ ಮನೆಯಲ್ಲಿ ಮೂರೂ ಕುಳಿಗಳಲ್ಲಿ ಈರುಳ್ಳಿ ತುಂಬಿಟ್ಟಿದ್ದರು. ಮೂರನೆಯ ಮನೆಯ ಹೆಂಗಸು ಅಂಗಳದಲ್ಲಿ ಮೂರು ಕಲ್ಲು ಹೂಡಿ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ನನಗೆ ಚಹಾ ಕಾಸಿದಳು. ಒಳಗೆ ನನ್ನ ಒಲೆ ಸುಣ್ಣ ಕೆಮ್ಮಣ್ಣು ಬಳಿಸಿಕೊಂಡು, ರಂಗೋಲಿ ಹಾಕಿಸಿಕೊಂಡು, ಮದುವಣಗಿತ್ತಿಯ ಹಾಗೆ ಸುಮ್ಮನೆ ಕೂತಿತ್ತು.

“ಯಾಕಮ್ಮಾ, ಒಲೆ ಚೆನ್ನಾಗಿಲ್ಲವಾ?” ಎಂದೆ.

“ಭಾಳ ಚೆಂದ ಐತಿ ರೀ,” ಎಂದಳು, ನನಗೆ ನೋವಾಗದಿರಲಿ ಎಂದು. “ಹಬ್ಬಕ್ಕಂತ ಇಟ್ಟೀವಿ.”

“ದಿನಾ ಯಾಕೆ ಹಚ್ಚೋದಿಲ್ಲ?”

“ಅದ್ರ ಬಾಯಿ ಇಷ್ಟು ಸಣ್ಣದೈತಲ್ರೀ. ರೊಟ್ಟಿ ಎಲ್ಲಿ ಆನಿಸಿ ಸುಡೂದು?”

ಆ ಕಡೆಯವರು ರೊಟ್ಟಿಯನ್ನು ಹಂಚಿನ ಮೇಲೆ ಬೇಯಿಸಿ, ಆಮೇಲೆ ಒಲೆಯ ಬಾಯಲ್ಲಿ ಕೆಂಡಕ್ಕೆ ಆನಿಸಿ ನಿಲ್ಲಿಸುತ್ತಾರೆ. ಆಗ ಅದು ಉಬ್ಬುತ್ತದೆ. ಉಬ್ಬದ ರೊಟ್ಟಿಯನ್ನು ಗಂಡನ ತಟ್ಟೆಗೆ ಹಾಕಲು ನಾಚಿಕೆ. ಇದು ಊರಿನ ಮಕ್ಕಳಿಗೂ ಗೊತ್ತು. ನಕ್ಷೆ ಬರೆದವರಿಗೆ ಗೊತ್ತಿರಲಿಲ್ಲ, ನನಗೂ ಹೊಳೆದಿರಲಿಲ್ಲ. ದಿನಾ ಆ ರೊಟ್ಟಿಯನ್ನೇ ತಿಂದು ಬೆಳೆದವನು ನಾನು. ತಟ್ಟೆಗೆ ಬೀಳುವ ಮೊದಲು ಅದು ಎಲ್ಲಿರುತ್ತದೆ ಎಂದು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. “ಮೂವತ್ತೆರಡು ಮನೇಲಿ ಒಬ್ಬರನ್ನಾದ್ರೂ ಕೇಳಿದ್ರಾ?” ಎಂದಳು. ಕೇಳಿರಲಿಲ್ಲ. ಪ್ರಶಂಸಾ ಪತ್ರವನ್ನು ಗೋಡೆಯಿಂದ ತೆಗೆದು ಟ್ರಂಕಿನೊಳಗೆ ಹಾಕಿದೆ. ಅಂದು ನನಗೆ ನಿಜವಾಗಿ ಅವಮಾನವಾಗಿತ್ತು.

ಎರಡನೇ ತಂಡಕ್ಕೆ ಸೊರಬದ ಕಡೆ ಹೋಗಬೇಕೆಂದು ಆದೇಶವಾಯಿತು. ಮತ್ತೆ ಆರು ಜನ, ಮತ್ತೆ ಮೂರು ವಾರ, ಗುರಿ ಮೂವತ್ತು ಒಲೆ. ಗುರಿ ಮುಟ್ಟಿದರೆ ಮಾತ್ರ ಆರೂ ಜನರಿಗೆ ಮೊಹರು ಒತ್ತಿದ ಸರ್ಟಿಫಿಕೇಟು. ಅದಿದ್ದವರನ್ನು ಮುಂದೆ ತಾಲ್ಲೂಕಿನ ಒಲೆ ಕೆಲಸಕ್ಕೆ ಕರೆಯುತ್ತಾರೆ.

ಆ ಆರು ಜನರಲ್ಲಿ ಇಬ್ಬರನ್ನು ನೀವು ತಿಳಿದುಕೊಂಡರೆ ಸಾಕು. ಒಬ್ಬ ಹನುಮಂತಪ್ಪ, ಗಾರೆ ಕೆಲಸದವನು. ಕೈಯಲ್ಲಿ ಸೊಗಸಾದ ಕಸುಬಿತ್ತು, ಬಾಯಲ್ಲಿ “ನಂಗೊತ್ತು ಬಿಡಿ” ಎಂಬ ಮಾತಿತ್ತು. ಇನ್ನೊಬ್ಬಳು ಗಂಗಮ್ಮ, ಉಡುತಡಿ ಕಡೆಯವಳು, ಗಂಡ ತೀರಿಕೊಂಡು ಅಣ್ಣನ ಮನೆಯಲ್ಲಿದ್ದಳು. ಹೆಂಗಸರಿಗೆ ಇದು ಆಗುವ ಕೆಲಸವಲ್ಲ ಎಂದು ಸಾಹೇಬರು ಅವಳ ಅರ್ಜಿಯನ್ನು ಎರಡು ಸಲ ವಾಪಸು ಕಳಿಸಿದ್ದರು. ಮೂರನೆಯ ಸಲ ಅವಳೇ ಬಂದು ಆಫೀಸಿನ ಬಾಗಿಲಲ್ಲಿ ಕೂತಳು. ಮೊದಲ ದಿನವೇ ನನಗೆ ಹೇಳಿದ್ದಳು: “ಅಣ್ಣನ ಮನ್ಯಾಗ ನಂದು ಅನ್ನೂದು ಒಂದು ಚಾಪಿ ಅಷ್ಟೇ ರೀ. ಆ ಕಾಗದ ಒಂದು ಸಿಕ್ರ ನನ್ನ ಹೆಸರಿಗೊಂದು ಕೆಲಸ ಇರ್ತೈತಿ.” ಈ ಮಾತನ್ನು ನಾನು ಆಮೇಲೆ ಬಹಳ ದಿನ ಹೊತ್ತುಕೊಂಡು ತಿರುಗಿದೆ.

ಈ ಸಲ ಮೊದಲ ದಿನ ಅಚ್ಚು ಮುಟ್ಟಿಸಲಿಲ್ಲ, ನಕ್ಷೆ ಬಿಚ್ಚಲಿಲ್ಲ. ನಾವು ಇಳಿದುಕೊಂಡಿದ್ದ ಮನೆಯ ಯಜಮಾನತಿ ಸಾವಿತ್ರಮ್ಮನವರ ಅಡುಗೆಮನೆಯಲ್ಲಿ ಎಲ್ಲರೂ ಅಕ್ಕಿ ರೊಟ್ಟಿ ಮಾಡಬೇಕು ಎಂದೆ. ನಾನೂ ಸೇರಿದಂತೆ.

“ನಾನು ಗಾರೆ ಕೆಲ್ಸಕ್ಕೆ ಬಂದೋನು ಮೇಷ್ಟ್ರೇ,” ಎಂದ ಹನುಮಂತಪ್ಪ.

“ಅದಕ್ಕೇ ಹಿಟ್ಟನ್ನೂ ಗಾರೆ ಅಂದ್ಕೊ,” ಎಂದೆ.

ಅವನು ಹಾಗೇ ಅಂದುಕೊಂಡ. ಅವನ ರೊಟ್ಟಿಯನ್ನು ನಾಯಿಗೆ ಹಾಕಿದರೆ ಅದು ಮೂಸಿ ನೋಡಿ, ಬಾಲ ಅಲ್ಲಾಡಿಸಿ, ಮರ್ಯಾದೆಯಿಂದ ದೂರ ಹೋಯಿತು. ನನ್ನದು ಹಂಚಿಗೆ ಹತ್ತಿಕೊಂಡು ಬಿಡಲೇ ಇಲ್ಲ. ಹೊಗೆಯಲ್ಲಿ ಕಣ್ಣು ಕೆಂಪಾಗಿ, ಬೆರಳು ಸುಟ್ಟುಕೊಂಡು, ಮಧ್ಯಾಹ್ನದ ಹೊತ್ತಿಗೆ ಏಳೂ ಜನರಿಗೂ ಒಲೆ ಎಂದರೇನು ಎಂಬುದು ನಕ್ಷೆಯಿಲ್ಲದೆ ತಿಳಿಯಿತು. ಸಾವಿತ್ರಮ್ಮ ಬಾಗಿಲಿಗೆ ಒರಗಿ ನಿಂತು, “ಎಂಥ ಮಾರಾಯ್ರೆ, ಸರ್ಕಾರ ಇಷ್ಟು ದುಡ್ಡು ಸುರಿದು ಹಿಟ್ಟು ಹಾಳು ಮಾಡ್ಸಕ್ಕೆ ಕಳ್ಸಿದ್ದಾ?” ಎಂದರು.

ನಮ್ಮ ಮೊದಲ ಒಲೆಯೂ ಅವರದೇ ಮನೆಯಲ್ಲಿ. ಕೆಲಸ ಹಂಚುವ ಹಳೆಯ ಚಾಳಿ ನನಗೆ ಇನ್ನೂ ಬಿಟ್ಟಿರಲಿಲ್ಲ. ಕೊಳವೆಯವರು ಕೊಳವೆಯನ್ನು ಚೆನ್ನಾಗಿ ಕೂರಿಸಿದರು. ಸೂರಿನ ಕಿಂಡಿ ಹನುಮಂತಪ್ಪನದು, ಅವನೂ ಅಚ್ಚುಕಟ್ಟಾಗಿ ತೆಗೆದ. ಆದರೆ ಇವರು ಕೊಳವೆ ನಿಲ್ಲಿಸಿದ್ದು ಅಡುಗೆಮನೆಯ ಗೋಡೆಯ ಈಚೆ, ಅವನು ಕಿಂಡಿ ತೆಗೆದದ್ದು ಆಚೆ. ಮಾತಾಡಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ. ಕೊನೆಗೆ ಕೊಳವೆಗೆ ಒಂದು ಮೊಣಕೈ ಜೋಡಿಸಿ ಗೋಡೆ ದಾಟಿಸಿ ಬಿಟ್ಟರು. ಅದು ಸೂರಿನ ಕಿಂಡಿಯವರೆಗೆ ಏರದೆ, ಹೋಗಿ ಬಾಯಿ ತೆರೆದದ್ದು ಆಚೆಯ ದೇವರ ಕೋಣೆಯಲ್ಲಿ. ಮರುದಿನ ಬೆಳಿಗ್ಗೆ ಒಲೆ ಹಚ್ಚಿದಾಗ ಅಡುಗೆಮನೆಯಲ್ಲಿ ಒಂದು ಎಳೆ ಹೊಗೆ ಇಲ್ಲ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಷ್ಟರಲ್ಲಿ ಸಾವಿತ್ರಮ್ಮನವರ ಯಜಮಾನರು ಪೂಜೆ ಅರ್ಧಕ್ಕೆ ಬಿಟ್ಟು, ಕೆಮ್ಮುತ್ತ, ಕೈಯಲ್ಲಿ ಗಂಟೆ ಹಿಡಿದುಕೊಂಡೇ ಹೊರಗೆ ಬಂದರು. “ಧೂಪ ಇಷ್ಟು ಹಾಕಿದ್ದು ಯಾರು?” ಎಂದರು. ಹೊಗೆಯಿಲ್ಲದ ಒಲೆಯ ಹೊಗೆಯೆಲ್ಲ ದೇವರಿಗೆ ಅರ್ಪಿತವಾಗಿತ್ತು.

ನಿಂತು ಮಾತಾಡುವ ಪದ್ಧತಿ ಹುಟ್ಟಿದ್ದು ಅದರ ಮರುದಿನದಿಂದ. ಬೆಳಿಗ್ಗೆ ಸಾವಿತ್ರಮ್ಮ ನೆಲಕ್ಕೆ ಸಗಣಿ ಸಾರಿಸಿರುತ್ತಿದ್ದರು. ಕಾಲಿಟ್ಟರೆ ಬೈಗುಳ ಖಚಿತ. ಒಣಗಿದ ಜಾಗವೆಂದರೆ ಹೊಸ್ತಿಲು ಮತ್ತು ಅದರ ಮುಂದಿನ ಒಂದು ಹಲಗೆ ಮಾತ್ರ. ಅದರ ಮೇಲೆ ಏಳೂ ಜನ ನಿಂತು ಒಬ್ಬೊಬ್ಬರೂ ಮೂರು ಮಾತು ಹೇಳಬೇಕು: ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡುತ್ತೇನೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಆಫೀಸಿನಲ್ಲಿ ನಾವು ಕುರ್ಚಿಯಲ್ಲಿ ಕೂತು ಮಾಡುತ್ತಿದ್ದ ಮೀಟಿಂಗು ಚಹಾ, ಬಿಸ್ಕತ್ತು, ಮತ್ತೆ ಚಹಾ ದಾಟಿ ಊಟದವರೆಗೆ ಎಳೆಯುತ್ತಿತ್ತು. ಇಲ್ಲಿ ಕಾಲು ನೋಯುವುದರೊಳಗೆ ಮುಗಿಯುತ್ತಿತ್ತು.

ಹನುಮಂತಪ್ಪನದು ದಿನಾ ಒಂದೇ ಉತ್ತರ. “ನಂದೇನೂ ತೊಡಕಿಲ್ಲ.” ಒಂದು ವಾರ ಕಳೆದ ಮೇಲೆ ಒಂದು ದಿನ ಅವನು ತಲೆ ಕೆರೆದುಕೊಂಡ. ಕಿವಿ ಕೆಂಪಾಯಿತು. “ಬೂದಿ ಕಿಂಡಿ ಎಷ್ಟು ಅಗಲ ಬಿಡ್ಬೇಕು ಅಂತ ನಂಗೆ ತಿಳೀತಾ ಇಲ್ಲ, ಗಂಗಮ್ಮನ್ನ ಒಂಚೂರು ಬಾ ಅನ್ನಿ,” ಎಂದ. ಗಂಗಮ್ಮ ಅವನ ಪಕ್ಕದಲ್ಲೇ ನಿಂತಿದ್ದಳು! ಆದರೂ ನನ್ನ ಮೂಲಕವೇ ಕರೆದ. ಆ ದಿನ ನನಗಾದ ಸಂತೋಷ ಎರಡು ಬಡ್ತಿಗಳಲ್ಲೂ ಆಗಲಿಲ್ಲ. ಹೊಸಬರೇ, ನಿಮ್ಮ ತಂಡದಲ್ಲಿ ಒಬ್ಬ “ತೊಡಕಿಲ್ಲ” ಎನ್ನುವವನು ಇದ್ದೇ ಇರುತ್ತಾನೆ. ಅವನ ಕಿವಿ ಕೆಂಪಾಗುವವರೆಗೆ ಕಾಯಿರಿ, ಬೈಯಬೇಡಿ.

ಕೆಲಸದ ಲೆಕ್ಕವನ್ನು ಸಾವಿತ್ರಮ್ಮನವರ ಜಗಲಿಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿದ್ದೆ. “ದೀಪಾವಳಿಗೆ ಸುಣ್ಣ ನೀವೇ ಹೊಡಿಸ್ಬೇಕು, ಈಗ್ಲೇ ಹೇಳಿದೀನಿ,” ಎಂದು ಅವರು ಒಪ್ಪಿದ್ದರು. ಮೂರು ಸಾಲು: ಆಗಬೇಕು, ಆಗುತ್ತಿದೆ, ಆಯಿತು. ನಾಲ್ಕನೆಯ ಸಾಲನ್ನು ಎಳೆಸಿದವಳು ಗಂಗಮ್ಮ.

“ಆಯ್ತು ಅಂತ ಹೇಳೂರು ಯಾರ್ರೀ, ಕಟ್ಟಿದೋರಾ, ಬೇಯಿಸೋರಾ?” ಎಂದಳು.

“ಕಟ್ಟಿದೋರು,” ಎಂದ ಹನುಮಂತಪ್ಪ.

“ಹಂಗಾದ್ರ ಕೋಳಿ ಬಂದು ಕುಂದರ್ತೈತಿ,” ಎಂದಳು. ಶಿಕಾರಿಪುರದ ಕೋಳಿಯ ಕಥೆಯನ್ನು ನಾನೇ ಅವಳಿಗೆ ಹೇಳಿ ಕೆಟ್ಟಿದ್ದೆ.

ಹಾಗಾಗಿ ನಾಲ್ಕನೇ ಸಾಲಿನ ಹೆಸರು ‘ರೊಟ್ಟಿ ಉಬ್ಬಿತು’. ಒಲೆ ಕಟ್ಟಿ, ಒಣಗಿಸಿ, ಆ ಮನೆಯವರು ಮೂರು ದಿನ ಅದರಲ್ಲೇ ಬೇಯಿಸಿ, ಮೂರನೇ ದಿನ ನಮ್ಮೆದುರಿಗೆ ಒಂದು ರೊಟ್ಟಿ ಉಬ್ಬಿಸಿ ತೋರಿಸಬೇಕು. ಆಮೇಲೆ ಮಾತ್ರ ಆ ಸಾಲಿನಲ್ಲಿ ಒಂದು ಗೀಟು. ಹಿಂದಿನ ಒಲೆಯಲ್ಲಿ ಕಂಡ ತಪ್ಪನ್ನು ಮುಂದಿನದರಲ್ಲಿ ತಿದ್ದಬೇಕು. ಒಲೆಯ ಬಾಯಿ ಅಗಲವಾಯಿತು. ಕೆಂಡ ಎಳೆದುಕೊಳ್ಳಲು ಮುಂದೆ ಒಂದು ಕಟ್ಟೆ ಬಂತು. ನಕ್ಷೆ ಗುರುತು ಸಿಗದಷ್ಟು ಬದಲಾಯಿತು.

ಸೊರಬದ ಕಡೆ ಇನ್ನೊಂದು ಪೇಚು ಕಾದಿತ್ತು. ಒಂದು ದಿನ ಸಾವಿತ್ರಮ್ಮ ಸಿಟ್ಟಿನಿಂದ ಬಂದರು. “ನಿಮ್ಮ ಒಲೆ ತಗಂಡು ಹೋಗಿ. ನಂಗೆ ಹೊಗೆ ಬೇಕು!” ಎಂದರು. ಅಷ್ಟು ವರ್ಷದಲ್ಲಿ ನನಗೆ ಯಾರೂ ಹೀಗೆ ಹೇಳಿರಲಿಲ್ಲ. ನೋಡಿದರೆ ಒಲೆಯ ಮೇಲಿನ ಅಟ್ಟದಲ್ಲಿ ಅವರು ಹುಳಿಗೆ ಬಳಸುವ ಉಪ್ಪಾಗೆ ಸಿಪ್ಪೆಯನ್ನೂ ಬಿತ್ತನೆಯ ಸೌತೆಬೀಜವನ್ನೂ ಇಡುತ್ತಿದ್ದರು. ಇಷ್ಟು ಕಾಲ ಹೊಗೆ ಅವನ್ನು ಒಣಗಿಸಿ ಹುಳ ಹಿಡಿಯದಂತೆ ಕಾಯುತ್ತಿತ್ತು. ನಾವು ಹೊಗೆಯನ್ನು ಓಡಿಸಿದ್ದೇ ತಡ, ಬೂಸ್ಟು ಬಂತು. ಗಂಗಮ್ಮ ಬಿಸಿ ಕೊಳವೆಯ ಸುತ್ತ ಮಣ್ಣಿನ ಒಂದು ಗೂಡು ಕಟ್ಟಿದಳು. ಕೊಳವೆಯ ಶಾಖಕ್ಕೆ ಉಪ್ಪಾಗೆ ಗರಿಗರಿ ಒಣಗಿತು. ಮುಂದಿನ ಎಲ್ಲ ಮನೆಯವರೂ “ಗೂಡಿನ ಒಲೆಯೇ ಬೇಕು” ಎಂದರು.

ಇಷ್ಟೆಲ್ಲ ಆಗುವಾಗ ದಿನಗಳು ಸುಮ್ಮನೆ ಕೂತಿರಲಿಲ್ಲ. ತರಬೇತಿಯ ಕೊನೆಯ ದಿನ ಸಾಹೇಬರ ಜೀಪು ಬಂದಾಗ ನಾಲ್ಕನೇ ಸಾಲಿನಲ್ಲಿ ಇದ್ದದ್ದು ಹನ್ನೊಂದು ಗೀಟು.

ಸಾಹೇಬರು ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಕೆಟ್ಟ ಮನುಷ್ಯರಲ್ಲ ಅವರು. ಅವರಿಗೂ ಮೇಲೊಬ್ಬರು ಚಾರ್ಟು ಹಿಡಿದು ಕೂತಿದ್ದರು.

“ಕಟ್ಟಿರೋದು ಎಷ್ಟ್ರೀ?”

“ಹದಿನೇಳು, ಸರ್. ಉಬ್ಬಿದ್ದು ಹನ್ನೊಂದು.”

“ರೊಟ್ಟಿ ಉಬ್ಬೋದು ಯಾವ ಆರ್ಡರಿನಲ್ಲಿದೆ? ಹದಿನೇಳು ಇದೆ, ಉಳಿದದ್ದು ನಾಳೆ ನಾಡಿದ್ದು ಕಟ್ಟಿಸಿ. ಇವತ್ತಿಗೆ ಮೂವತ್ತು ಅಂತ ಬರೀರಿ.” ದನಿ ತಗ್ಗಿಸಿ ಹೇಳಿದರು, “ಆರೂ ಸರ್ಟಿಫಿಕೇಟು ಮೊಹರು ಒತ್ತಿಸ್ಕೊಂಡೇ ಬಂದಿದೀನಿ. ಚೀಲದಲ್ಲಿದೆ. ಪಾಪ, ಅವರಿಗೂ ಒಳ್ಳೇದಾಗ್ಲಿ.”

ನಾನು ಗಂಗಮ್ಮನ ಕಡೆ ನೋಡಿದೆ. ಅವಳು ಚೀಲದ ಕಡೆ ನೋಡುತ್ತಿದ್ದಳು. ಅವಳಿಗಾಗಿಯೇ ಬರೆಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು ಪೆನ್ನು ತೆಗೆದೆ. ‘ಮೂ’ ಎಂದು ಬರೆದೂ ಆಯಿತು.

ಅಷ್ಟರಲ್ಲಿ ಹನ್ನೊಂದನೇ ಮನೆಯವರು, ಸಾಹೇಬರು ಬಂದಿದ್ದಾರೆಂದು ತಿಂಡಿಗೆ ಕರೆದರು. ಅದು ಗಂಗಮ್ಮ ಒಬ್ಬಳೇ ನಿಂತು ಕಟ್ಟಿದ ಒಲೆ. ಎರಡು ದಿನದ ಹಿಂದೆ ನಮ್ಮ ಕಣ್ಣೆದುರೇ ಅದರಲ್ಲಿ ರೊಟ್ಟಿ ಉಬ್ಬಿತ್ತು. ಇವತ್ತು ಕೆಂಡಕ್ಕೆ ಆನಿಸಿದ ರೊಟ್ಟಿ ಒಂದು ಅಂಚಿನಲ್ಲಿ ಏಳುವ ಮನಸ್ಸು ಮಾಡಿ ಮತ್ತೆ ಮಲಗಿತು. ಇನ್ನೊಂದು ಹಾಕಿದರು, ಅದೂ ಅಷ್ಟೇ. ಸಾಹೇಬರು, “ಪರವಾಗಿಲ್ಲ, ರುಚಿ ಚೆನ್ನಾಗಿದೆ,” ಎನ್ನುತ್ತ ತಿನ್ನುತ್ತಲೇ ಇದ್ದರು. ಗಂಗಮ್ಮ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಳಗೆ ಬಗ್ಗಿ ನೋಡಿದಳು. “ಗಾಳಿ ಕಿಂಡಿ ಒಂದು ಬೆರಳು ಮ್ಯಾಲಾಗೈತಿ,” ಎಂದಳು. ಎದ್ದು ಹಸಿ ಬಟ್ಟೆ ತೆಗೆದುಕೊಂಡು ಸೀದಾ ಜಗಲಿಗೆ ನಡೆದಳು. ನಾವೆಲ್ಲ ಅವಳ ಹಿಂದೆ ಹೋದೆವು. ಅವಳು ನಾಲ್ಕನೇ ಸಾಲಿನ ಕೊನೆಯ ಗೀಟನ್ನು ಒರೆಸಿಹಾಕಿದಳು.

ಹತ್ತು ಉಳಿಯಿತು.

“ಏನಮ್ಮಾ,” ಎಂದರು ಸಾಹೇಬರು, ಕೈಯಲ್ಲಿ ಅರ್ಧ ರೊಟ್ಟಿ. “ಅಳಿಸ್ತಿರೋದು ನಿನ್ನ ಸರ್ಟಿಫಿಕೇಟು ಅಂತ ಗೊತ್ತಾ?”

“ಗೊತ್ತೈತ್ರಿ,” ಎಂದಳು. “ನೀವು ಜೀಪು ಹತ್ತಿ ಹೋಗ್ತೀರಿ. ಆಕಿ ನಾಳೆನೂ ಇದ್ರಾಗ ಬೇಯಿಸ್ಬೇಕಲ್ರಿ.”

ನಾನೇನೋ ಧೈರ್ಯವಂತ ಎಂದು ಯಾರೂ ತಿಳಿಯಬೇಡಿ. ನನ್ನ ‘ಮೂ’ ಕಾಗದದ ಮೇಲೆ ಇನ್ನೂ ಹಸಿಯಾಗಿತ್ತು. ಅದನ್ನು ಹೊಡೆದು ‘ಹತ್ತು’ ಎಂದು ಬರೆದೆ. ನಾಚಿಕೆಯಿಂದ ಬರೆದೆ. ಸಾಹೇಬರು ಚೀಲವನ್ನು ಜೀಪಿನೊಳಗಿಟ್ಟು ಹೊರಟುಹೋದರು. ಹನುಮಂತಪ್ಪ ಗಾರೆ ಕರಣೆ ತೆಗೆದುಕೊಂಡು ಬಂದು, ಈ ಸಲ ನೇರವಾಗಿ ಅವಳಿಗೇ ಹೇಳಿದ: “ನಡಿಯವ್ವ, ಆ ಕಿಂಡಿ ಇಳ್ಸಿ ಬರಣ.”

ಹದಿನೈದು ದಿನದ ಮೇಲೆ ನನಗೆ ಮೆಮೊ ಬಂತು. ‘ನಿಗದಿತ ಗುರಿ ಸಾಧಿಸುವಲ್ಲಿ ತಾವು ಸಂಪೂರ್ಣ ವಿಫಲರಾಗಿರುತ್ತೀರಿ’ ಎಂದು ಆರಂಭವಾಗಿ, ಕೆಳಗೆ ದೊಡ್ಡ ನೀಲಿ ಮೊಹರಿನೊಂದಿಗೆ ಮುಗಿದಿತ್ತು. ಹಾಳಾದ ಮೂವತ್ತೆರಡು ಒಲೆಗೆ ಪ್ರಶಂಸೆ, ಉರಿಯುವ ಹತ್ತಕ್ಕೆ ಮೆಮೊ. ಅದನ್ನು ಜೇಬಿನಲ್ಲಿಟ್ಟುಕೊಂಡು ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಗಂಗಮ್ಮ ಎದುರಾದಳು.

“ನಮ್ಮೂರಾಗ ನಾಕು ಮನಿಯವ್ರು ಒಲಿ ಕಟ್ಟು ಅಂತಾರ್ರಿ. ಗಂಡಸರು ಕಾಗದ ಎಲ್ಲಿ ಅಂತಾರ. ನೀವಾದ್ರೂ ಒಂದು ಬರಕೊಡ್ರಿ.”

ಸಂತೋಷದಿಂದ ಡೈರಿಯ ಹಾಳೆ ಹರಿಯಲು ಹೋದೆ.

“ಮೊಹರು ಇರ್ಬೇಕ್ರಿ. ಇಲ್ಲಾಂದ್ರ ಯಾರೂ ನಂಬೂದಿಲ್ಲ.”

ಮೊಹರು ಸಾಹೇಬರ ಡ್ರಾಯರಿನಲ್ಲಿ ಬೀಗದೊಳಗಿತ್ತು. ನನ್ನ ಬಳಿ ಮೊಹರು ಇದ್ದ ಕಾಗದ ಒಂದೇ ಒಂದು. ಈಗ ಪೆನ್ಶನ್ ಗಟ್ಟಿಯಾಗಿರುವುದರಿಂದ ಹೇಳುತ್ತೇನೆ: ಆ ಮೆಮೊವನ್ನು ತಿರುಗಿಸಿ, ಹಿಂಭಾಗದಲ್ಲಿ, ‘ಉಡುತಡಿ ಕಡೆಯ ಶ್ರೀಮತಿ ಗಂಗಮ್ಮನವರು ಕಟ್ಟಿದ ಒಲೆಯಲ್ಲಿ ರೊಟ್ಟಿ ಉಬ್ಬುತ್ತದೆ ಎಂದು ಈ ಮೂಲಕ ದೃಢೀಕರಿಸಲಾಗಿದೆ’ ಎಂದು ಬರೆದು ಸಹಿ ಹಾಕಿ ಕೊಟ್ಟೆ. ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು.

ನಿವೃತ್ತಿಯಾದ ವರ್ಷ ಅವಳ ಊರಿನ ಕಡೆ ಹೋಗಿದ್ದೆ. ಬಸ್ಸಿನಿಂದ ಇಳಿದು ಕೇಳಿದರೆ, “ಒಲಿ ಗಂಗಮ್ಮನ ಮನಿನಾ?” ಎಂದು ದಾರಿ ತೋರಿಸಿದರು. ಅಣ್ಣನ ಮನೆಯಲ್ಲ, ಅವಳದೇ ಎರಡು ಕೋಣೆಯ ಮನೆ. ಅಡುಗೆಮನೆಗೇ ಕರೆದೊಯ್ದು ಮಣೆ ಹಾಕಿದಳು. ಒಲೆಯ ಮೇಲೆ, ಗೋಡೆಯಲ್ಲಿ, ಕಟ್ಟು ಹಾಕಿಸಿದ ಒಂದು ಕಾಗದ. ಹತ್ತಿರ ಹೋಗಿ ನೋಡಿದೆ. ‘ತಾವು ಸಂಪೂರ್ಣ ವಿಫಲರಾಗಿರುತ್ತೀರಿ.’ ನನ್ನ ಹೆಸರು, ಹುದ್ದೆ ಎಲ್ಲ ಸ್ಪಷ್ಟವಾಗಿತ್ತು.

“ಗಂಗಮ್ಮಾ, ಇದು ಉಲ್ಟಾ ಇದೆಯಲ್ಲೇ!”

“ಕಟ್ಟು ಹಾಕೋವಾಗ ಯಾವ ಕಡಿ ಮುಂದ ಇರ್ಲಿ ಅಂದ್ರು. ಮೊಹರು ಇರೂ ಕಡಿ ಅಂದೆ,” ಎಂದಳು. “ಆಮ್ಯಾಲ ಓದಿದೋರು ನಕ್ಕು ಹೇಳಿದ್ರು, ಏನು ಬರದೈತಿ ಅಂತ.”

“ಮತ್ತೆ ತಿರುಗಿಸಲಿಲ್ಲವಾ?”

“ಏನು ಬರದೈತಿ ಅನ್ನೂದು ಯಾರಿಗೆ ಬೇಕ್ರಿ? ಒಲಿ ಕಟ್ಟಸಾಕ ಬಂದೋರಿಗೆ ಇದನ್ನ ತೋರಸ್ತೀನಿ. ಒಲಿ ಮ್ಯಾಲ ಇಷ್ಟು ವರ್ಷ ನೇತಾಡೈತಿ. ಎಷ್ಟು ಬೆಳ್ಳಗೈತಿ ನೋಡ್ರಿ ಕಾಗದ.”

ನಿಜ. ಹೊಗೆಮಸಿಯ ಒಂದು ಚುಕ್ಕೆಯೂ ಇರಲಿಲ್ಲ. ಅವಳು ರೊಟ್ಟಿಯೊಂದನ್ನು ಕೆಂಡಕ್ಕೆ ಆನಿಸಿದಳು, ಅದು ಬುಸ್ಸೆಂದು ಉಬ್ಬಿತು. ನನಗೆ ಕಣ್ಣಲ್ಲಿ ನೀರು ಬಂತು. ಹೊಗೆಯ ನೆಪ ಹೇಳೋಣವೆಂದರೆ ಆ ಮನೆಯಲ್ಲಿ ಹೊಗೆಯೇ ಇರಲಿಲ್ಲ.